ಪ್ರೆಸ್ಸಿನಲ್ಲಿ ಕಬ್ಬಿಣದ ಕಾವು ಕದಿಯುವುದು ಗಾಳಿಯಲ್ಲ, ಡೈ

ಓದುಗರ ಪ್ರಶ್ನೆ: ನನ್ನದು ಸಣ್ಣ ಕುಲುಮೆ ವರ್ಕ್‌ಶಾಪ್. 20 ಟನ್ನಿನ ಹೈಡ್ರಾಲಿಕ್ ಪ್ರೆಸ್ ಇದೆ, ಮೋಟಾರ್ 2 ಎಚ್‌ಪಿ. 25 ಮಿಮೀ ಚೌಕದ ಉಕ್ಕಿನ ಸರಳನ್ನು ಗ್ಯಾಸ್ ಕುಲುಮೆಯಲ್ಲಿ ಹಳದಿ ಬರುವವರೆಗೆ ಕಾಸಿ, 75 ಮಿಮೀ ಅಗಲದ ಚಪ್ಪಟೆ ಡೈಯಲ್ಲಿ ಒತ್ತುತ್ತೇನೆ. ಎರಡನೇ ಒತ್ತು ಮುಗಿಯುವಷ್ಟರಲ್ಲಿ ಕಪ್ಪಾಗುತ್ತದೆ, ಮೂರನೆಯದಕ್ಕೆ ಪ್ರೆಸ್ಸೇ ನಿಂತುಬಿಡುತ್ತದೆ. ಒತ್ತುವಾಗ ಪಕ್ಕದಿಂದ ಗ್ಯಾಸ್ ಟಾರ್ಚ್ ಹಿಡಿದರೆ ಕಾವು ಉಳಿಯುತ್ತದೆಯೇ? ಡೈ ಮೇಲೆ ಸೆರಾಮಿಕ್ ಉಣ್ಣೆ ಹಾಸಬಹುದೇ? ಅಥವಾ ದೊಡ್ಡ ಪ್ರೆಸ್ಸೇ ಬೇಕೇ?

ಉತ್ತರ: ಟಾರ್ಚ್ ಬೇಡ, ಉಣ್ಣೆ ಬೇಡ. ದೊಡ್ಡ ಪ್ರೆಸ್ ಈಗಲೇ ಬೇಡ. ನಿಮ್ಮ ಸರಳಿನ ಕಾವು ಎಲ್ಲಿಗೆ ಹೋಗುತ್ತಿದೆ ಅನ್ನೋದು ಮೊದಲು ಗೊತ್ತಾಗಬೇಕು. ನೀವು ಗಾಳಿಯನ್ನು ಅನುಮಾನಿಸುತ್ತಿದ್ದೀರಿ, ಅದಕ್ಕೇ ಟಾರ್ಚ್ ನೆನಪಾಗಿದೆ. ಗಾಳಿಗೆ ಹೋಗುವುದು ಕಡಿಮೆ. ಮುಕ್ಕಾಲುಪಾಲು ಕಾವು ಹೋಗುತ್ತಿರುವುದು ಕೆಳಗೂ ಮೇಲೂ ಇರುವ ಆ ಎರಡು ತಣ್ಣನೆಯ ಉಕ್ಕಿನ ಗಟ್ಟಿಗಳಿಗೆ, ಅಂದರೆ ಡೈಗಳಿಗೆ.

ಸ್ವಲ್ಪ ಲೆಕ್ಕ ಹಾಕೋಣ. 1150 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 25 ಮಿಮೀ ಚೌಕದ ಸರಳನ್ನು ಸುಮ್ನೆ ಇಕ್ಕಳದಲ್ಲಿ ಹಿಡಿದು ನಿಂತರೆ, ಅದು ಸೆಕೆಂಡಿಗೆ ಸುಮಾರು 6ರಿಂದ 7 ಡಿಗ್ರಿ ಇಳಿಯುತ್ತದೆ. ಕುಲುಮೆಯಿಂದ ಪ್ರೆಸ್ಸಿಗೆ ಬರಲು ಮೂರು ಸೆಕೆಂಡ್ ಹಿಡಿದರೂ ಹೋಗೋದು 20 ಡಿಗ್ರಿ, ಅಷ್ಟೇ. ಅದರಿಂದ ಏನೂ ಮುಳುಗಲ್ಲ. ಈಗ ಅದೇ ಸರಳನ್ನು ಡೈ ನಡುವೆ ಇಟ್ಟು ಒತ್ತಿ. ಬಿಸಿ ಉಕ್ಕು ತಣ್ಣನೆ ಉಕ್ಕಿಗೆ ಗಟ್ಟಿಯಾಗಿ ಅಂಟಿದಾಗ, ಅವೆರಡೂ ಸೇರುವ ಮೇಲ್ಮೈ ತಕ್ಷಣವೇ ಎರಡರ ನಡುವಿನ ಒಂದು ಬಿಸಿಗೆ ಬಂದು ನಿಲ್ಲುತ್ತದೆ. 1150ರ ಸರಳು, 30ರ ಡೈ ಅಂದರೆ ಸರಳಿನ ಚರ್ಮ, ಅಂದರೆ ಹೊರಮೈ, ಹತ್ತಿರ ಹತ್ತಿರ 600 ಡಿಗ್ರಿಗೆ ಬೀಳುತ್ತದೆ. ಮಧ್ಯೆ ಸ್ಕೇಲ್, ಅಂದರೆ ಆ ಕಪ್ಪು ಚಕ್ಕೆ, ಒಂದು ಪದರ ಇರುವುದರಿಂದ ನಿಜದಲ್ಲಿ ಇಷ್ಟು ಕೆಟ್ಟದಾಗಿರುವುದಿಲ್ಲ. ಆದರೂ ನಿಮ್ಮ ಡೈ ಅಗಲಕ್ಕೆ ನೋಡಿದರೆ, ಒತ್ತುವ ಮೊದಲ ಸೆಕೆಂಡಿನಲ್ಲಿ ಡೈ ಎಳೆದುಕೊಳ್ಳುವ ಶಾಖ, ಅಷ್ಟೇ ಜಾಗದಿಂದ ಗಾಳಿಗೆ ಹೋಗುವುದರ ಹತ್ತಿಪ್ಪತ್ತು ಪಟ್ಟು ಇರುತ್ತದೆ.

ನನ್ನ ಮಾತಿನ ಮೇಲೆ ನಂಬಿಕೆ ಇಡಬೇಕಾಗಿಲ್ಲ, ಕಣ್ಣಲ್ಲೇ ನೋಡಬಹುದು. ವರ್ಕ್‌ಶಾಪಿನ ದೀಪ ಸ್ವಲ್ಪ ಕಡಿಮೆ ಮಾಡಿ. ಸರಳನ್ನು ಚೆನ್ನಾಗಿ ಕಾಸಿ ತಂದು ಒಂದೇ ಒಂದು ಸಾರಿ ಒತ್ತಿ, ತಕ್ಷಣ ಡೈ ಎತ್ತಿ, ಸರಳನ್ನು ಹೊರಗೆ ತೆಗೆದು ನೋಡಿ. ಡೈ ಮುಟ್ಟಿದ ಜಾಗದಲ್ಲಿ ಕಡುಗೆಂಪು ಪಟ್ಟಿಯೊಂದು ಕಾಣುತ್ತದೆ, ಅದರ ಎರಡೂ ಕಡೆ ಇನ್ನೂ ಕಿತ್ತಳೆ ಹಳದಿ ಇರುತ್ತದೆ. ಪಟ್ಟಿಯ ಅಂಚು ಗೆರೆ ಎಳೆದ ಹಾಗೆ ಇರುತ್ತದೆ, ಡೈ ಅಂಚು ಎಲ್ಲಿತ್ತೋ ಸರಿಯಾಗಿ ಅಲ್ಲೇ. ಹಾಗೇ ಹಿಡಿದುಕೊಂಡಿರಿ. ಒಂದೆರಡು ಸೆಕೆಂಡಿನಲ್ಲಿ ಆ ಪಟ್ಟಿ ತಾನಾಗಿಯೇ ಮತ್ತೆ ಬೆಳಗುತ್ತದೆ, ಒಳಗಿನ ತಿರುಳಿನ ಕಾವು ಚರ್ಮಕ್ಕೆ ಬರುತ್ತದೆ. ಮೂಲೆಗಳು ಮಾತ್ರ ಮಂಕಾಗಿಯೇ ಉಳಿಯುತ್ತವೆ, ಯಾಕೆಂದರೆ ಅವಕ್ಕೆ ಎರಡು ಕಡೆಯಿಂದ ನಷ್ಟ. ಗಾಳಿಯೇ ಕಳ್ಳ ಆಗಿದ್ದರೆ ಸರಳು ಉದ್ದಕ್ಕೂ ಒಂದೇ ಸಮ ಮಂಕಾಗಬೇಕಿತ್ತು, ಅಲ್ವಾ?

ಈಗ ಟಾರ್ಚ್ ವಿಚಾರ. ಒತ್ತುವ ಹೊತ್ತಿನಲ್ಲಿ ಕಾವು ಹೋಗುತ್ತಿರುವುದು ಡೈ ಮುಟ್ಟಿದ ಮುಖದಿಂದ. ಜ್ವಾಲೆಗೆ ಆ ಮುಖ ಸಿಗುವುದೇ ಇಲ್ಲ. ಅದಕ್ಕೆ ಸಿಗುವುದು ಪಕ್ಕದ ಎರಡು ಮುಖ, ಅದೂ ಡೈ ನಡುವಿನ ಸಂದಿಯಲ್ಲಿ. ಜ್ವಾಲೆಯ ಶಾಖದಲ್ಲಿ ಬಹುಪಾಲು ಸುಮ್ನೆ ಹಾರಿಹೋಗುತ್ತದೆ. ಉಳಿದದ್ದು ಅಂಚನ್ನು ಸುಡುತ್ತದೆ, ಸ್ಕೇಲ್ ಜಾಸ್ತಿ ಮಾಡುತ್ತದೆ, ಕಾರ್ಬನ್ ಜಾಸ್ತಿ ಇರುವ ಉಕ್ಕಾದರೆ ಅಂಚಿನ ಕಾರ್ಬನ್ ತಿನ್ನುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಎಣ್ಣೆ ಹೋಸ್ ಪಕ್ಕದಲ್ಲಿ ಬೆಂಕಿ ಹಿಡಿಯುವುದು, ಅದನ್ನು ಕೊನೆಗೆ ಹೇಳುತ್ತೇನೆ.

ಸೆರಾಮಿಕ್ ಉಣ್ಣೆ ಶಾಖ ತಡೆಯುವುದು ಅದರೊಳಗೆ ಗಾಳಿ ಇರುವವರೆಗೆ ಮಾತ್ರ. 20 ಟನ್ ಬಿದ್ದರೆ ಗಾಳಿ ಎಲ್ಲಿರುತ್ತೆ? ಪುಡಿಯಾಗಿ ಉದುರುತ್ತದೆ, ಆ ನಾರಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹೆಚ್ಚು ಹೊತ್ತು 1000 ಡಿಗ್ರಿ ಮೇಲೆ ಕಾದ ಹಳೇ ಉಣ್ಣೆಯಲ್ಲಿ ಕ್ರಿಸ್ಟೋಬಲೈಟ್ ಅನ್ನುವ ಸಿಲಿಕಾ ಆಗಿರುತ್ತದೆ, ಅದು ಇನ್ನೂ ಕೆಟ್ಟದ್ದು. ಉಣ್ಣೆಗೆ ಒಂದು ಸರಿಯಾದ ಕೆಲಸ ಇದೆ. ಉದ್ದನೆಯ ತುಂಡಿನಲ್ಲಿ ಈಗ ಒತ್ತದೇ ಇರುವ ಭಾಗವನ್ನು, ಡೈಯಿಂದ ಹೊರಗೆ ಚಾಚಿಕೊಂಡಿರುವುದನ್ನು, ಸುತ್ತಿ ಇಡಲು ಅದು ಒಳ್ಳೆಯದು. ಮುಟ್ಟುವಾಗ ಮಾಸ್ಕ್ ಹಾಕಿಕೊಳ್ಳಿ.

ಹಾಗಾದರೆ ಏನು ಮಾಡಬೇಕು? ಮೊದಲ ಕೆಲಸ ಡೈ ಕಾಸುವುದು. ಇದು ಬಹಳ ಜನ ಬಿಟ್ಟುಬಿಡುವ ಹಂತ. ಬೆಳಿಗ್ಗೆ ತಣ್ಣನೆ ಡೈಯಲ್ಲೇ ಶುರು ಮಾಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಕೆಲಸ ಸಲೀಸಾಗಿ ಹೋಗುತ್ತಿದೆ ಅನ್ನಿಸುತ್ತದೆ, ಕೈ ಪಳಗಿತು ಅಂದುಕೊಳ್ಳುತ್ತಾರೆ. ಪಳಗಿದ್ದು ಕೈ ಅಲ್ಲ, ಕಾದದ್ದು ಡೈ. 200ರಿಂದ 250 ಡಿಗ್ರಿಗೆ ತಂದುಕೊಳ್ಳಿ. ದಪ್ಪನೆ ಮೆದು ಉಕ್ಕಿನ ಗಟ್ಟಿಯೊಂದನ್ನು ಕೆಂಪಗೆ ಕಾಸಿ, ಎರಡು ಡೈ ನಡುವೆ ಮೆಲ್ಲಗೆ ಕಚ್ಚಿಸಿ ಬಿಡಿ. ತಣ್ಣಗಾದ ಮೇಲೆ ಮತ್ತೆ ಕಾಸಿ ಇನ್ನೊಮ್ಮೆ. ಹೀಗೆ ಕೆಲವು ಸಾರಿ ಮಾಡಿದರೆ ಡೈ ತಯಾರು, ಬೇರೆ ಸಲಕರಣೆಯೇ ಬೇಡ. ಬಿಸಿ ನೋಡಲು ಗೊತ್ತಾದ ಬಿಸಿಗೆ ಕರಗುವ ಟೆಂಪರೇಚರ್ ಕ್ರೇಯಾನ್ ಗೀಚಿದರೆ ಸಾಕು. ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸುತ್ತದೆ, ಡೈ ಪಕ್ಕದ ಕಪ್ಪು ಸ್ಕೇಲ್ ಹಿಡಿದ ಜಾಗದಲ್ಲಿ ಇಟ್ಟು ನೋಡಿ.

250 ಡಿಗ್ರಿ ಡೈಗೆ 1150ರ ಸರಳು ಮುಟ್ಟಿದರೆ ಮೇಲ್ಮೈ 600ರ ಬದಲು 700ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನೂರು ಡಿಗ್ರಿ ಏನು ಮಹಾ ಅನ್ನಬೇಡಿ. ಚರ್ಮ ಗಟ್ಟಿಯಾಗುವುದೂ ಅಂಚು ಸೀಳುವುದೂ ಇದೇ ಇಳಿಜಾರಿನಲ್ಲಿ ನಡೆಯುತ್ತದೆ. ಇನ್ನೊಂದು ಲಾಭ, ಎಚ್13 ತರಹದ ಹಾಟ್ ವರ್ಕ್ ಉಕ್ಕಿನ, ಅಂದರೆ ಬಿಸಿ ಕೆಲಸಕ್ಕೆಂದೇ ಇರುವ ಉಕ್ಕಿನ ಡೈ ತಣ್ಣಗಿದ್ದಾಗ ಪೆಡಸು, ಬಿರುಕು ಬಿಡುವ ಅಪಾಯ ಹೆಚ್ಚು. ಸ್ವಲ್ಪ ಕಾದರೆ ಬಾಳಿಕೆ ಬರುತ್ತದೆ. ಹಾಗಂತ ಕೆಂಪಗೆ ಮಾಡಬೇಡಿ, ಹದ ಹೋಗಿ ಮುಖ ತಗ್ಗು ಬೀಳುತ್ತದೆ. ಡೈಯ ಬಿಸಿ ಸಿಲಿಂಡರಿಗೆ ಏರದ ಹಾಗೆ ಡೈ ಹೋಲ್ಡರ್ ಹಿಂದೆ ಒಂದು ಸ್ಟೇನ್‌ಲೆಸ್ ಪ್ಲೇಟ್ ಕೊಡಿ. ಸ್ಟೇನ್‌ಲೆಸ್ ಉಕ್ಕು ಮೆದು ಉಕ್ಕಿನ ಮೂರರಲ್ಲಿ ಒಂದು ಪಾಲು ಮಾತ್ರ ಶಾಖ ಸಾಗಿಸುತ್ತದೆ. ಸಿಲಿಂಡರಿನ ನೈಟ್ರೈಲ್ ಸೀಲುಗಳು 100 ಡಿಗ್ರಿ ದಾಟಿದರೆ ಬೇಗ ಹಾಳಾಗುತ್ತವೆ.

ಎರಡನೆಯದು ನನ್ನ ಮಟ್ಟಿಗೆ ಇಡೀ ಉತ್ತರದ ತಿರುಳು: ಡೈ ಸರಳನ್ನು ಮುಟ್ಟಿದರೆ ಲೋಹ ಹರಿಯಲೇಬೇಕು, ಹರಿಯದಿದ್ದರೆ ಮುಟ್ಟಬಾರದು. ಶಾಖ ಹೋಗುವ ಪರಿ ಹೀಗಿದೆ. ಮುಟ್ಟಿದ ಕ್ಷಣದಲ್ಲಿ ಅತಿ ಜೋರು, ಆಮೇಲೆ ನಿಧಾನ. ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಹೋಗುವ ಶಾಖದಲ್ಲಿ ಹತ್ತಿರ ಹತ್ತಿರ ಅರ್ಧ ಮೊದಲ ಸೆಕೆಂಡಿನಲ್ಲೇ ಹೋಗಿರುತ್ತದೆ. ಹಾಗಾಗಿ ಸುಮ್ನೆ ಒಂದು ಸಾರಿ ತಾಗಿಸಿ ನೋಡುವುದು, ಸರಿ ಕೂತಿದೆಯಾ ಅಂತ ಮೆಲ್ಲಗೆ ಕಚ್ಚಿಸುವುದು, ಒಂದೊಂದು ಮಿಲಿಮೀಟರ್‌ನಂತೆ ಹತ್ತು ಸಾರಿ ಒತ್ತುವುದು, ಇವೆಲ್ಲ ಪ್ರತಿ ಸಾರಿಯೂ ಆ ದುಬಾರಿ ಮೊದಲ ಸೆಕೆಂಡನ್ನು ಕೊಟ್ಟು ಏನೂ ಪಡೆಯದ ವ್ಯಾಪಾರ. ಹತ್ತು ಹೆದರಿದ ಒತ್ತಿಗಿಂತ ಮೂರು ಧೈರ್ಯದ ಒತ್ತು ಮೇಲು.

ಇದರಿಂದ ಕೆಲವು ಅಭ್ಯಾಸ ತಾನಾಗಿ ಹುಟ್ಟುತ್ತವೆ. ಸರಳನ್ನು ಕೆಳಗಿನ ಡೈ ಮೇಲೆ ಮಲಗಿಸಿ ಮೇಲಿನ ಡೈಗೆ ಕಾಯಬೇಡಿ. ನಾನು ನೋಡಿದ ಸಣ್ಣ ವರ್ಕ್‌ಶಾಪುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾವು ತಿನ್ನುವ ಅಭ್ಯಾಸ ಇದೇ. ಕೆಳ ಮುಖ ತಣ್ಣಗಾಗುತ್ತದೆ, ಮೇಲ್ಮುಖ ಮೆತ್ತಗಿರುತ್ತದೆ, ಒತ್ತಿದಾಗ ಮೇಲಿನದು ಜಾಸ್ತಿ ಉದ್ದವಾಗಿ ಸರಳು ತಣ್ಣನೆಯ ಕಡೆಗೆ ಬಾಗುತ್ತದೆ. ನಿಮ್ಮ ಸರಳು ಪ್ರತಿ ಸಾರಿ ಒಂದೇ ಕಡೆ ಬಾಗುತ್ತಿದ್ದರೆ ಕಾರಣ ಇದೇ ಇರಬಹುದು, ಡೈ ಸೊಟ್ಟ ಅಂತ ಬಿಚ್ಚುವ ಮೊದಲು ಇದನ್ನು ನೋಡಿ. ಸರಳನ್ನು ಕೆಳ ಡೈಯಿಂದ ಎರಡು ಮೂರು ಮಿಮೀ ಎತ್ತಿ ಹಿಡಿದಿರಿ, ಮೇಲಿನ ಡೈ ಬಂದು ತಾಗುವಾಗ ಇಳಿಸಿ. ಉದ್ದನೆಯದಾದರೆ ಪಕ್ಕದಲ್ಲೊಂದು ಸ್ಟ್ಯಾಂಡ್ ಇಟ್ಟು ಅದೇ ಎತ್ತರಕ್ಕೆ ಹೊಂದಿಸಿ. ಒತ್ತು ಒತ್ತಿಗೂ ಸರಳನ್ನು ಮಗ್ಗುಲು ತಿರುಗಿಸಿ, ಎಲ್ಲ ಮುಖಕ್ಕೂ ನಷ್ಟ ಸಮನಾಗಿ ಹಂಚಿಹೋಗಲಿ.

ಡೈ ಪೂರ್ತಿ ಮೇಲಕ್ಕೆ ಹೋಗಿ ಬರುವುದೂ ಬೇಡ, ಸರಳಿನ ಮೇಲೆ 10 ಮಿಮೀ ಸಂದಿ ಸಾಕು, ಲಿಮಿಟ್ ಸ್ವಿಚ್ಚೋ ಕಾಲರೋ ಹಾಕಿ ಅಲ್ಲೇ ನಿಲ್ಲಿಸಿ. ಎಷ್ಟು ದಪ್ಪಕ್ಕೆ ಇಳಿಯಬೇಕೋ ಅಷ್ಟು ಎತ್ತರದ ಸ್ಟಾಪ್ ಬ್ಲಾಕ್ ಡೈ ಪಕ್ಕ ಇಡಿ. ಅದು ಇದ್ದರೆ ಅಳತೆ ನೋಡುತ್ತಾ ನಿಧಾನ ಮಾಡುವ ಪ್ರಮೇಯವೇ ಇಲ್ಲ, ಧೈರ್ಯವಾಗಿ ಪೂರ್ತಿ ಒತ್ತಿ ತಕ್ಷಣ ಎತ್ತಬಹುದು. ಕೈ ಲಿವರ್ ಇದ್ದರೆ ಕಾಲು ಪೆಡಲ್ ಮಾಡಿಕೊಳ್ಳಿ, ಎರಡೂ ಕೈ ಇಕ್ಕಳಕ್ಕೆ ಸಿಗುತ್ತದೆ.

ಚಪ್ಪಟೆ ಡೈ ಬಗ್ಗೆ ಒಂದು ಮಾತು. ಉದ್ದ ಎಳೆಯುವ ಕೆಲಸಕ್ಕೆ 75 ಮಿಮೀ ಚಪ್ಪಟೆ ಡೈ ತಪ್ಪು ಆಯ್ಕೆ. 20 ಟನ್ನನ್ನು 75 ಗುಣಿಸು 25 ಮಿಮೀ ಜಾಗಕ್ಕೆ ಹಂಚಿದರೆ ಚದರ ಮಿಲಿಮೀಟರಿಗೆ ಸುಮಾರು 105 ನ್ಯೂಟನ್ ಸಿಗುತ್ತದೆ. ಹಳದಿ ಕಾವಿನ ಉಕ್ಕಿಗೆ ಅದು ಸಾಕು. 900 ಡಿಗ್ರಿಗೆ ಇಳಿದಾಗ ಉಕ್ಕಿನ ಪ್ರತಿರೋಧ ಎರಡು ಪಟ್ಟಿಗಿಂತ ಜಾಸ್ತಿ ಆಗಿರುತ್ತದೆ, ಜೊತೆಗೆ ಡೈ ಮೇಲಿನ ಉಜ್ಜಾಟ ಬೇರೆ, ಪ್ರೆಸ್ ಅಲ್ಲೇ ನಿಲ್ಲುತ್ತದೆ. ನಿಮ್ಮ ಮೂರನೇ ಒತ್ತಿನಲ್ಲಿ ಆಗುತ್ತಿರುವುದು ಇದು. ಅದೇ 25 ಮಿಮೀ ಅಗಲದ, ಅಂಚು ಉರುಟಾಗಿ ತೀಡಿದ ಎಳೆಯುವ ಡೈ ಹಾಕಿದರೆ ಒತ್ತಡ 310ರ ಮೇಲೆ ಹೋಗುತ್ತದೆ, ಕಾವು ಕುಡಿಯುವ ಜಾಗ ಮೂರರಲ್ಲಿ ಒಂದಾಗುತ್ತದೆ. ಒಂದೇ ಬದಲಾವಣೆಗೆ ಎರಡು ಲಾಭ. ಎಳೆಯುವುದೆಲ್ಲ ಆ ಡೈಯಲ್ಲಿ ಮುಗಿಸಿ, ಮೇಲ್ಮೈ ಸಮ ಮಾಡಲು ಮಾತ್ರ ಕೊನೆಗೆ ಚಪ್ಪಟೆ ಡೈ ಹಾಕಿ, ಅದೂ ಪಟ್ಟನೆ ಒಂದು ಒತ್ತು.

ದೊಡ್ಡ ಪ್ರೆಸ್ ಬೇಕಾ ಅಂದಿರಿ. ಟನ್ನು ಹೆಚ್ಚಾದರೆ ಕಾವು ಉಳಿಯುವುದಿಲ್ಲ, ವೇಗ ಹೆಚ್ಚಾದರೆ ಉಳಿಯುತ್ತದೆ. 20 ಟನ್ ಬಲವನ್ನು ಸೆಕೆಂಡಿಗೆ 10 ಮಿಮೀ ವೇಗದಲ್ಲಿ ತಳ್ಳಲು ಸುಮಾರು 2 ಕಿಲೋವ್ಯಾಟ್ ಬೇಕು. ನಿಮ್ಮ 2 ಎಚ್‌ಪಿ ಮೋಟಾರ್ ಕೊಡುವುದು ಒಂದೂವರೆ ಕಿಲೋವ್ಯಾಟ್, ಪಂಪಿನಲ್ಲಿ ಸೋರಿಹೋಗುವುದನ್ನು ಕಳೆದರೆ ಪೂರ್ತಿ ಬಲದಲ್ಲಿ ಡೈ ಸೆಕೆಂಡಿಗೆ 6 ಮಿಮೀ ಓಡಿದರೆ ಹೆಚ್ಚು. 10 ಮಿಮೀ ಒತ್ತಲು ಎರಡು ಸೆಕೆಂಡಿನ ಹತ್ತಿರ ಡೈ ಅಂಟಿಕೊಂಡೇ ಇರುತ್ತದೆ. ಇದೇ ಮೋಟಾರಿಗೆ 40 ಟನ್ ಸಿಲಿಂಡರ್ ಕೂರಿಸಿದರೆ ವೇಗ ಇನ್ನೂ ಅರ್ಧಕ್ಕೆ ಇಳಿಯುತ್ತದೆ, ಇನ್ನೂ ಬೇಗ ತಣ್ಣಗಾಗುತ್ತದೆ! ಹಣ ಹಾಕುವುದಾದರೆ ಮೋಟಾರಿಗೂ ಎರಡು ಹಂತದ ಪಂಪಿಗೂ ಹಾಕಿ. ಹಗುರ ಇರುವಾಗ ಎಣ್ಣೆ ಜಾಸ್ತಿ ಕೊಟ್ಟು ಡೈಯನ್ನು ಬೇಗ ಇಳಿಸಿ, ಭಾರ ಬಿದ್ದಾಗ ತಾನಾಗಿಯೇ ಕಡಿಮೆ ಎಣ್ಣೆ ಜಾಸ್ತಿ ಒತ್ತಡಕ್ಕೆ ಬದಲಾಗುವ ಪಂಪ್ ಅದು. 5 ಎಚ್‌ಪಿ ಹಾಕಿದರೆ ಇದೇ 20 ಟನ್ ಬೇರೆಯೇ ಯಂತ್ರ ಅನ್ನಿಸುತ್ತದೆ.

ಕುಲುಮೆಯ ಕಡೆಗೂ ನೋಡಬೇಕು. ಮೇಲೆ ಹಳದಿ ಬಂತು ಅಂದ ಮಾತ್ರಕ್ಕೆ ತಿರುಳು ಕಾದಿದೆ ಅಂತಲ್ಲ. ಚರ್ಮಕ್ಕೆ ವಾಪಸ್ ಕಾವು ಕೊಡಬೇಕಾದ್ದೇ ತಿರುಳು, ಅದೇ ಅರೆಬರೆ ಕಾದಿದ್ದರೆ ಮೊದಲ ಒತ್ತಿಗೇ ಕಥೆ ಮುಗಿಯಿತು. ಸರಳಿನ ತುದಿ ನೋಡಿ. ಒತ್ತಿದ ಮೇಲೆ ತುದಿ ಮೀನಿನ ಬಾಯಿಯ ಹಾಗೆ ಒಳಕ್ಕೆ ಗುಳಿ ಬೀಳುತ್ತಿದ್ದರೆ ಚರ್ಮ ಮಾತ್ರ ಹರಿದಿದೆ, ತಿರುಳು ಹಿಂದೆ ಉಳಿದಿದೆ ಅಂತ ಅರ್ಥ. ಬಣ್ಣ ಬಂದ ಮೇಲೂ ಕೆಲವು ನಿಮಿಷ ಕುಲುಮೆಯಲ್ಲಿ ಬಿಡಿ, ಕುಲುಮೆಯ ಒಳಗೋಡೆಯ ಬಣ್ಣಕ್ಕೂ ಸರಳಿನ ಬಣ್ಣಕ್ಕೂ ವ್ಯತ್ಯಾಸ ಕಾಣದ ಹಾಗಾಗಲಿ, ಸರಳಿನ ಮೇಲೆ ನೆರಳಿನಂಥ ಕಲೆ ಎಲ್ಲೂ ಇರಬಾರದು.

ಎಷ್ಟು ಕಾಸಬೇಕು ಅನ್ನೋದು ಉಕ್ಕಿನ ಮೇಲೆ ಹೋಗುತ್ತದೆ. ಮೆದು ಉಕ್ಕಿಗೆ 1200ರವರೆಗೂ ತೊಂದರೆ ಇಲ್ಲ. 5160 ದರ್ಜೆಯ ಸ್ಪ್ರಿಂಗ್ ಉಕ್ಕಿಗೆ 1150 ಡಿಗ್ರಿ. 1095 ದರ್ಜೆಯ ಥರದ ಕಾರ್ಬನ್ ಜಾಸ್ತಿ ಇರುವುದಕ್ಕೆ 1050 ಡಿಗ್ರಿ ಸುತ್ತಮುತ್ತ ಸಾಕು. ಕಾವು ಬೇಗ ಹೋಗುತ್ತೆ ಅಂತ ಇನ್ನೂ ಮೇಲಕ್ಕೆ ಕಾಸುವುದು ದೊಡ್ಡ ತಪ್ಪು, ಉಕ್ಕಿನ ಒಳಗಿನ ಕಣ ದಪ್ಪವಾಗುತ್ತದೆ, ಕಿಡಿ ಹಾರಿಸಿತು ಅಂದರೆ ಆ ತುಂಡು ಸುಟ್ಟಿದೆ, ಕತ್ತರಿಸಿ ಎಸೆಯಬೇಕಾದ್ದೇ. ಒತ್ತುತ್ತಾ 850ಕ್ಕೆ ಇಳಿಯಿತು, ಅಂದರೆ ಕಿತ್ತಳೆ ಪೂರ್ತಿ ಹೋಗಿ ಕೆಂಪು ಉಳಿಯಿತು ಅಂದರೆ ದೊಡ್ಡ ಒತ್ತು ನಿಲ್ಲಿಸಿ. ಪದರ ಪದರ ಬೆಸೆದ ಬಿಲ್ಲೆಟ್ (ಉಕ್ಕಿನ ಗಟ್ಟಿ) ಆದರೆ ಇನ್ನೂ ಮುಂಚೆಯೇ ನಿಲ್ಲಿಸಿ, ತಣ್ಣಗಿರುವಾಗ ಅಂಚಿನ ಮೇಲೆ ನಿಲ್ಲಿಸಿ ಒತ್ತಿದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ.

ಒಂದು ಕಾವಿಗೆ ಎರಡು ಒತ್ತು ಸರಿಯಾಗಿ ಬಿದ್ದರೆ ಅದರಲ್ಲಿ ಸೋಲೇನೂ ಇಲ್ಲ. ವಾಪಸ್ ಕುಲುಮೆಗೆ ಹಾಕಿ. ಸರಳು ಇನ್ನೂ ಕೆಂಪಗಿರುವಾಗಲೇ ಹಾಕಿದರೆ ಬೇಗ ಕಾಯುತ್ತದೆ, ಕಪ್ಪಾಗುವವರೆಗೆ ಹಠ ಹಿಡಿದು ಒತ್ತಿದರೆ ಮತ್ತೆ ಮೇಲೆ ಬರಲು ಜಾಸ್ತಿ ಹೊತ್ತು, ಜಾಸ್ತಿ ಗ್ಯಾಸ್, ಜಾಸ್ತಿ ಸ್ಕೇಲ್. ಎರಡು ಸರಳು ಇಟ್ಟುಕೊಂಡು ಒಂದನ್ನು ಒತ್ತುವಾಗ ಇನ್ನೊಂದನ್ನು ಕಾಸಿ, ಕೆಲಸ ನಿಲ್ಲುವುದಿಲ್ಲ. ಒತ್ತುವ ಮೊದಲು ತಂತಿ ಬ್ರಷ್‌ನಿಂದ ಒಂದೇ ಎಳೆತಕ್ಕೆ ಸ್ಕೇಲ್ ಉದುರಿಸಿ. ಅದು ಕಾವು ತಡೆಯುವುದು ನಿಜ, ಆದರೆ ಒತ್ತಿದಾಗ ಲೋಹದೊಳಗೆ ಹೂತುಕೊಂಡು ಗುಳಿ ಬೀಳಿಸುತ್ತದೆ, ಆ ಲೆಕ್ಕದಲ್ಲಿ ನಾನು ಬ್ರಷ್ ಕಡೆಗೇ.

ಇಷ್ಟೆಲ್ಲ ಹೇಳಿದ್ದು 20 ಮಿಮೀಗಿಂತ ದಪ್ಪದ್ದಕ್ಕೆ. 6 ಮಿಮೀ ಪಟ್ಟಿಗೆ ತಿರುಳೇ ಇಲ್ಲ, ವಾಪಸ್ ಬರುವ ಕಾವೂ ಇಲ್ಲ. ಗಾಳಿಯಲ್ಲೇ ಸೆಕೆಂಡಿಗೆ 13, 14 ಡಿಗ್ರಿ ಇಳಿಯುತ್ತದೆ, ಡೈ ಮುಟ್ಟಿದರೆ ಒಂದೇ ಒತ್ತಿಗೆ ಆಟ ಮುಗಿದ ಹಾಗೆ. ಅಷ್ಟು ತೆಳುವಾದ ಮೇಲೆ ಪ್ರೆಸ್ ಬಿಟ್ಟು ಸುತ್ತಿಗೆ ಹಿಡಿಯಿರಿ, ಪವರ್ ಹ್ಯಾಮರ್ ಇದ್ದರೆ ಇನ್ನೂ ಒಳ್ಳೆಯದು. ಸುತ್ತಿಗೆ ಮುಟ್ಟಿ ಹಾರುವುದು ಸೆಕೆಂಡಿನ ಸಣ್ಣ ಚೂರಿನಲ್ಲಿ, ಕಾವು ಕದಿಯಲು ಅದಕ್ಕೆ ಪುರುಸೊತ್ತಿಲ್ಲ. ಪ್ರೆಸ್ಸಿನಲ್ಲೇ ಆಗಬೇಕು ಅಂದರೆ ಮೇಲೊಂದು ಕೆಳಗೊಂದು ಕಾದ ಸ್ಟೇನ್‌ಲೆಸ್ ತಗಡು ಇಟ್ಟು ಒತ್ತಬಹುದು, ಕೈಚಳಕ ಬೇಕು.

ದೊಡ್ಡ ಕಾರ್ಖಾನೆಗಳೂ ಇದೇ ಕಳ್ಳನ ಜೊತೆ ಗುದ್ದಾಡುತ್ತಿವೆ. ಬಿಸಿ ಉಕ್ಕನ್ನು ಕೊಳವೆಯಾಗಿ ಹೊರದೂಡುವ ಉಜಿನ್-ಸೆಜುರ್ನೆ ವಿಧಾನದಲ್ಲಿ ಬಿಲ್ಲೆಟ್ಟಿಗೂ ಡೈಗೂ ನಡುವೆ ಕರಗಿದ ಗಾಜಿನ ಪದರ ಇರುತ್ತದೆ, ಅದು ಜಾರಿಸುತ್ತದೆ, ಶಾಖವನ್ನೂ ತಡೆಯುತ್ತದೆ. ಜೆಟ್ ಎಂಜಿನ್ನಿನ ನಿಕಲ್ ಮಿಶ್ರಲೋಹದ ಡಿಸ್ಕುಗಳಿಗೆ ಡೈಯನ್ನೂ ತುಂಡಿನಷ್ಟೇ ಬಿಸಿ ಮಾಡುತ್ತಾರೆ. ಡೈ ಮಾಲಿಬ್ಡಿನಮ್ ಮಿಶ್ರಲೋಹದ್ದು, ಗಾಳಿ ತಾಗಿದರೆ ಸುಟ್ಟುಹೋಗುತ್ತದೆ, ಅದಕ್ಕೇ ನಿರ್ವಾತದಲ್ಲಿ ಒತ್ತುತ್ತಾರೆ. ಅಲ್ಲಿ ಪ್ರೆಸ್ ಎಷ್ಟು ನಿಧಾನ ಹೋದರೂ ಚಿಂತೆ ಇಲ್ಲ. ನಮ್ಮ ನಿಮ್ಮ ವರ್ಕ್‌ಶಾಪಿಗೆ ಅದು ಆಗದ ಮಾತು, ಆದರೆ ಅವರು ಟಾರ್ಚ್ ಹಿಡಿಯದೆ ಡೈಗೇ ಕೈ ಹಾಕಿದ್ದಾರೆ ಅನ್ನೋದನ್ನು ಗಮನಿಸಿ.

ಕೊನೆಗೆ ಹೇಳುತ್ತೇನೆ ಅಂದಿದ್ದ ಎಣ್ಣೆ ವಿಚಾರ. ಹೈಡ್ರಾಲಿಕ್ ಹೋಸಿನಲ್ಲಿ ಸೂಜಿ ಮೊನೆಯಷ್ಟು ತೂತು ಬಿದ್ದರೂ ಎಣ್ಣೆ ಮಂಜಿನ ಹಾಗೆ ಸಿಡಿಯುತ್ತದೆ. ಎದುರಿಗೆ ಕೆಂಪಗೆ ಕಾದ ಸರಳಿದ್ದರೆ ಅದು ಧಗ್ಗನೆ ಹತ್ತಿಕೊಳ್ಳುತ್ತದೆ, ನಿಂತಿರುವವರ ಮುಖದ ಎತ್ತರಕ್ಕೇ. ಪಕ್ಕದಲ್ಲಿ ಟಾರ್ಚ್ ಬೇಡ ಅಂತ ಖಂಡಿತವಾಗಿ ಹೇಳಿದ್ದು ಇದಕ್ಕೇ. ಹೋಸುಗಳನ್ನು ಪ್ರೆಸ್ಸಿನ ಹಿಂಬದಿಗೆ ತೆಗೆದುಕೊಂಡು ಹೋಗಿ, ಬೆಂಕಿ ತಡೆಯುವ ಹೊದಿಕೆ ಹಾಕಿ, ಡೈಗೂ ಅವಕ್ಕೂ ನಡುವೆ ತಗಡಿನ ಮರೆ ಕಟ್ಟಿ. ಮೋಟಾರ್ ನಿಲ್ಲಿಸುವ ಸ್ವಿಚ್ ಪ್ರೆಸ್ ಹತ್ತಿರ ಹೋಗದೆಯೇ ಕೈಗೆ ಸಿಗುವ ಜಾಗದಲ್ಲಿರಲಿ. ವಾಟರ್-ಗ್ಲೈಕಾಲ್ ಥರದ, ಸುಲಭವಾಗಿ ಬೆಂಕಿ ಹತ್ತದ ಹೈಡ್ರಾಲಿಕ್ ದ್ರವವೂ ಸಿಗುತ್ತದೆ, ಆದರೆ ನಿಮ್ಮ ಪಂಪಿಗೂ ಸೀಲಿಗೂ ಅದು ಒಗ್ಗುತ್ತದೆಯೇ ಅಂತ ಕೇಳಿಕೊಂಡೇ ಹಾಕಿ. ಹೋಸ್ ಸೋರುತ್ತಿದೆ ಅನ್ನಿಸಿದರೆ ಕೈಯಿಂದ ಸವರಿ ನೋಡಬೇಡಿ, ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲು ಮೋಟಾರ್ ನಿಲ್ಲಿಸಿ, ಒತ್ತಡ ಪೂರ್ತಿ ಇಳಿಸಿ, ಆಮೇಲೆ ಹೋಸ್ ಬದಲಾಯಿಸಿ.